ಏಲೂರಿನ ಸೈರನ್ ಮತ್ತು ನಲವತ್ತಮೂರು ವೇರಿಯಬಲ್‌ಗಳು

ಹಳೆಯ ಪ್ಲಗಿನ್ ಒಂದನ್ನು ಹೊಸ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವುದು ಅರ್ಧ ದಿನದ ಕೆಲಸ ಎಂದು ಮ್ಯಾನೇಜರಿಗೆ ಹೇಳಿದವಳು ನಾನೇ. ಅವರು ಮೂರು ದಿನ ಕೊಡಲು ತಯಾರಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

ನಮ್ಮದು ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಸಣ್ಣ ಕಂಪನಿ. ಕಾರ್ಖಾನೆಗಳಲ್ಲಿ ಗ್ಯಾಸ್ ಸೋರಿದರೆ ಸೆನ್ಸರ್‌ಗಳಿಂದ ತಿಳಿದುಕೊಂಡು ಸೈರನ್ ಹೊಡೆಸುವ ಸಾಫ್ಟ್‌ವೇರ್ ಮಾಡುತ್ತೇವೆ. ಏಲೂರಿನ ದೊಡ್ಡ ಕಾರ್ಖಾನೆಗಳ ಹಿಂದೆ, ಹೊಳೆಯ ಕಡೆಗೆ, ಅಮೋನಿಯಾ ಟ್ಯಾಂಕ್ ಇಟ್ಟುಕೊಂಡ ಒಂದು ಸಣ್ಣ ಘಟಕ ನಮ್ಮ ಹಳೆಯ ಗಿರಾಕಿ. ಅವರ ವಾರ್ಷಿಕ ಶಟ್‌ಡೌನ್ ನಡೆಯುತ್ತಿತ್ತು. ಆ ಬಿಡುವಿನಲ್ಲಿ ತುಕ್ಕು ಹಿಡಿದ ಹಳೆಯ ಕಂಪ್ಯೂಟರನ್ನು ತೆಗೆದು ಹೊಸದನ್ನು ಇಡಬೇಕಿತ್ತು. ಮುಖ್ಯ ಪ್ರೋಗ್ರಾಂ ಸಲೀಸಾಗಿ ಬಂತು. ಉಳಿದದ್ದು ಅಮೋನಿಯಾ ಸೆನ್ಸರ್‌ಗಳನ್ನು ನೋಡಿಕೊಳ್ಳುವ ಪ್ಲಗಿನ್. ಮುಖ್ಯ ಪ್ರೋಗ್ರಾಂ ಶುರುವಾಗುವಾಗ ಬಂದು ಸೇರಿಕೊಳ್ಳುವ ಬೇರೆಯೇ ತುಂಡು ಅದು. ಸಿ ಭಾಷೆಯಲ್ಲಿ ಬರೆದ ಹನ್ನೊಂದು ಫೈಲು, ಎಲ್ಲಕ್ಕೂ ಸೇರಿ ಒಂದು ಹೆಡರ್ ಫೈಲು. ಬರೆದವರು ನಾನು ಸೇರುವ ಮೊದಲೇ ನಿವೃತ್ತರಾದ ಒಬ್ಬ ಧಾರವಾಡದ ಎಂಜಿನಿಯರು. ಪ್ರತಿ ಫೈಲಿನ ತಲೆಯ ಮೇಲೆ ಅವರ ಹೆಸರಿತ್ತು, ಅಷ್ಟೇ ನನಗೆ ಅವರ ಪರಿಚಯ.

ಅಂದು ಮಂಗಳವಾರ. ಮುಂದಿನ ಸೋಮವಾರ ಘಟಕ ಮತ್ತೆ ಶುರು. ಅದಕ್ಕೂ ಮೊದಲು ಅಲ್ಲಿನ ಸುರಕ್ಷತಾ ಅಧಿಕಾರಿಯ ಕೈಗೆ ಒಂದು ಪತ್ರ ಕೊಡಬೇಕು: ಕಂಪ್ಯೂಟರ್ ಬದಲಾಗಿದೆ, ಸೈರನ್ ವ್ಯವಸ್ಥೆಯ ನಡವಳಿಕೆ ಬದಲಾಗಿಲ್ಲ ಎಂದು. ಅದಕ್ಕೆ ಸಹಿ ನನ್ನದು.

ಹನ್ನೊಂದು ಫೈಲುಗಳೂ ಒಂದೊಂದಾಗಿ ಕಂಪೈಲ್ ಆದವು, ಎಂದರೆ ಯಂತ್ರದ ಭಾಷೆಗೆ ಬದಲಾದವು. ಕೊನೆಯಲ್ಲಿ ಅವನ್ನೆಲ್ಲ ಸೇರಿಸುವ ಲಿಂಕರ್ ಮಾತ್ರ ನಿಂತುಬಿಟ್ಟಿತು. ಪರದೆಯ ತುಂಬ ಒಂದೇ ದೂರು: ಮಲ್ಟಿಪಲ್ ಡೆಫಿನಿಷನ್. ಈ ವೇರಿಯಬಲ್ಲನ್ನು ಒಂದಕ್ಕಿಂತ ಹೆಚ್ಚು ಕಡೆ ಹುಟ್ಟಿಸಿದ್ದೀರಿ ಎಂದು ಅದರ ಅರ್ಥ. ದೂರುಗಳು ನಾನೂರಕ್ಕೂ ಹೆಚ್ಚಿದ್ದವು. ಹೆಸರುಗಳನ್ನು ಎಣಿಸಿದರೆ ನಲವತ್ತಮೂರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಮೊದಲು ಹೊಸ ಕಂಪೈಲರನ್ನು ಬೈದೆ. ಆದರೆ ತಪ್ಪು ಅದರದ್ದಲ್ಲ. ವೇರಿಯಬಲ್ ಎಂದರೆ ಹೆಸರು ಬರೆದ ಒಂದು ಡಬ್ಬಿ ಎಂದುಕೊಳ್ಳಿ. ನಮ್ಮ ಧಾರವಾಡದ ಹಿರಿಯರು ಅವುಗಳಲ್ಲಿ ನಲವತ್ತೆರಡು ಡಬ್ಬಿಗಳನ್ನು ಹೆಡರ್ ಫೈಲಿನಲ್ಲೇ ಇಟ್ಟಿದ್ದರು; ಉಳಿದ ಒಂದರ ಕತೆ ಆಮೇಲೆ. ಹೆಡರನ್ನು ಹನ್ನೊಂದು ಫೈಲುಗಳೂ ಸೇರಿಸಿಕೊಳ್ಳುತ್ತವೆ. ಹಾಗಾಗಿ ಪ್ರತಿ ಫೈಲೂ ತನ್ನ ಪಟ್ಟಿಯಲ್ಲಿ 'ಒಂದು ಡಬ್ಬಿ ಬೇಕು' ಎಂದು ಬರೆದುಕೊಂಡಿತು. ಹಳೆಯ ಕಾಲದಲ್ಲಿ ಹೀಗೆ ಬಂದ ಒಂದೇ ಹೆಸರಿನ ಹನ್ನೊಂದು ಬೇಡಿಕೆಗಳನ್ನು ಲಿಂಕರ್ ಮಾತಿಲ್ಲದೆ ಸೇರಿಸಿ ಒಂದೇ ಡಬ್ಬಿ ಇಡುತ್ತಿತ್ತು. ಆಗಿನವರಿಗೆ ಅದೇ ರೂಢಿ, ಯಾರಿಗೂ ತೊಂದರೆಯಾಗಲಿಲ್ಲ. ಹೊಸ ಕಂಪೈಲರ್ ಬಂದ ಮೇಲೆ ಆ ಉಪಕಾರ ನಿಂತಿತು. ಡಬ್ಬಿ ಎಲ್ಲಿಡಬೇಕೋ ನೀವೇ ಹೇಳಿ ಎನ್ನುತ್ತದೆ.

ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡಿದರು. ಒಳ್ಳೆಯ ಮನುಷ್ಯ, ಆದರೆ ಯಾವ ಸಮಸ್ಯೆಗೂ ಊಟದ ಹೊತ್ತಿನ ಒಳಗೆ ಉತ್ತರ ಬೇಕು.

"ಹಳೇ ಥರಾನೇ ನಡ್ಕೋ ಅಂತ ಹೇಳೋ ಒಂದು ಫ್ಲಾಗ್ ಇದೆಯಲ್ಲ? ಅದನ್ನ ಹಾಕಿದ್ರೆ ಆಯ್ತು," ಎಂದರು.

ಆ ಫ್ಲಾಗ್ ನನಗೂ ಗೊತ್ತಿತ್ತು. ಹಾಕಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಾನು ಬೇಡವೆಂದದ್ದು ವಿವೇಕದಿಂದ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ಜಂಬದಿಂದ. ಇನ್ನೊಬ್ಬರ ಹರಕು ಅಂಗಿಗೆ ನಾನು ತೇಪೆ ಹಾಕುವವಳಲ್ಲ, ಹೊಲಿದೇ ಕೊಡುತ್ತೇನೆ ಎಂಬ ಹುಮ್ಮಸ್ಸು.

ಹೊಲಿದದ್ದು ಹೇಗೆ? ನಲವತ್ತಮೂರು ಹೆಸರುಗಳ ಮುಂದೆಯೂ ಸ್ಟ್ಯಾಟಿಕ್ ಎಂಬ ಪದ ಸೇರಿಸಿದೆ. ಹುಡುಕಿ ಬದಲಾಯಿಸುವ ಸೌಲಭ್ಯವಿದೆಯಲ್ಲ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಲಿಂಕರ್ ತೆಪ್ಪಗಾಯಿತು. ಕೆಲವು ಹಳದಿ ಎಚ್ಚರಿಕೆಗಳು ಬಂದವು, ಈ ಫೈಲಿನಲ್ಲಿ ಈ ವೇರಿಯಬಲ್ ಬಳಕೆಯಾಗಿಲ್ಲ ಎಂದು. ಬಳಕೆಯಾಗದಿದ್ದರೆ ನಿನಗೇನು ಕಷ್ಟ ಎಂದುಕೊಂಡು ಮುಂದೆ ಹೋದೆ. ಬುಧವಾರ ಆಫೀಸಿನಲ್ಲೇ ಪರೀಕ್ಷೆ ಮಾಡಿದೆ. ಸೆನ್ಸರಿಗೆ ಕೃತಕ ಅಂಕಿ ಕೊಟ್ಟರೆ ಪರದೆಯ ಮೇಲೆ ಸರಿಯಾಗಿ ಬಂತು. ಸೈರನ್ನಿನ ಟೆಸ್ಟ್ ಬಟನ್ ಒತ್ತಿದರೆ ಮೇಜಿನ ಮೇಲಿನ ಪರೀಕ್ಷೆಯ ಸೈರನ್ ಕೂಗಿತು. ಎರಡೂ ಸರಿ ಎಂದ ಮೇಲೆ ಪತ್ರಕ್ಕೆ ಸಹಿ ಹಾಕಿ ಕಳುಹಿಸಿದೆ.

ಗುರುವಾರ ಬೆಳಿಗ್ಗೆ ಏಲೂರಿಗೆ ಹೋದೆ. ಸುರಕ್ಷತಾ ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಹೆಚ್ಚು ಮಾತಿಲ್ಲ. ಟ್ಯಾಂಕಿನ ಬಳಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದ ಹಿರಿಯ ಆಪರೇಟರ್ ಒಬ್ಬರು ಜೊತೆಗಿದ್ದರು. ಎಲ್ಲರೂ ಅವರನ್ನು ಚೇಟ್ಟನ್, ಎಂದರೆ ಅಣ್ಣ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಣ್ಣ ಸಿಲಿಂಡರಿನಲ್ಲಿ ಪರೀಕ್ಷೆಯ ಗ್ಯಾಸ್ ಇರುತ್ತದೆ. ಅದರ ಕೊಳವೆಯ ತುದಿಯ ಬಟ್ಟಲನ್ನು ಸೆನ್ಸರಿನ ಮೂತಿಗೆ ಹಿಡಿದು ಗ್ಯಾಸ್ ಬಿಡುವುದು. ಗ್ಯಾಸಿನ ಪ್ರಮಾಣ ಇಪ್ಪತ್ತೈದು ಪಿಪಿಎಂ, ಎಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಪ್ಪತ್ತೈದು, ದಾಟಿದರೆ ಸೈರನ್ ಕೂಗಬೇಕು.

ಚೇಟ್ಟನ್ ಬಟ್ಟಲು ಹಿಡಿದರು. ಪರದೆಯಲ್ಲಿ ಹತ್ತು, ಹದಿನೆಂಟು, ಮೂವತ್ತು, ನಲವತ್ತು. ಅಂಕಿ ಕೆಂಪಾಯಿತು. ಸೈರನ್ ಕೂಗಲಿಲ್ಲ. ಅವರು ಬಟ್ಟಲು ಹಿಡಿದುಕೊಂಡೇ ಕಂಬದ ಮೇಲಿನ ಸೈರನ್ನನ್ನು ನೋಡಿದರು, ಆಮೇಲೆ ನನ್ನನ್ನು. ಒಂದು ನಿಮಿಷ ಕಳೆಯಿತು.

"ಚೇಚೀ, ಇದು ಹೊಡೆಯೋದಿಲ್ವಾ?" ಎಂದು ನನ್ನನ್ನು ಅಕ್ಕಾ ಎಂಬಂತೆ ಕರೆದು ಮಲಯಾಳಂನಲ್ಲಿ ಕೇಳಿದರು. ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

ಅಧಿಕಾರಿ ಸಿಲಿಂಡರ್ ಮುಚ್ಚಿಸಿದರು. ಫೈಲು ತೆರೆದು ನನ್ನ ಸಹಿಯಿದ್ದ ಪತ್ರವನ್ನು ಎಳೆದು ನನ್ನ ಕೈಗೆ ಕೊಟ್ಟರು. "ಇದು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಭಾನುವಾರ ಮತ್ತೆ ನೋಡೋಣ," ಎಂದರು. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಬಸ್ಸಿನಲ್ಲಿ ಕೂತಾಗಲೇ ಹೊಳೆಯಿತು ಏನು ಮಾಡಿದ್ದೇನೆ ಎಂದು. ಸ್ಟ್ಯಾಟಿಕ್ ಎಂದರೆ 'ಈ ಡಬ್ಬಿ ಈ ಫೈಲಿನದ್ದು ಮಾತ್ರ'. ಹೆಡರಿನಲ್ಲಿ ಹಾಗೆ ಬರೆದರೆ ಹನ್ನೊಂದು ಫೈಲುಗಳಿಗೂ ಅದೇ ಹೆಸರಿನ ಹನ್ನೊಂದು ಬೇರೆ ಬೇರೆ ಡಬ್ಬಿ. ಸೆನ್ಸರ್ ಓದುವ ಫೈಲು ನಲವತ್ತನ್ನು ತನ್ನ ಡಬ್ಬಿಯಲ್ಲಿ ಹಾಕಿತು, ಪರದೆಗೂ ಅದೇ ತೋರಿಸಿತು. ಸೈರನ್ ಫೈಲು ತನ್ನ ಡಬ್ಬಿ ತೆರೆದು ನೋಡಿತು, ಸೊನ್ನೆ. ಟೆಸ್ಟ್ ಬಟನ್ ಇದ್ದದ್ದು ಸೈರನ್ ಫೈಲಿನ ಒಳಗೇ, ಹಾಗಾಗಿ ಅದು ಕೂಗಿತು. ಎರಡರ ನಡುವಿನ ದಾರಿಯನ್ನು ನಾನು ಪರೀಕ್ಷೆ ಮಾಡಿರಲೇ ಇಲ್ಲ. ಹಳದಿ ಎಚ್ಚರಿಕೆಗಳು ಹೇಳಿದ್ದೂ ಇದನ್ನೇ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು: ಸಹಿ ನೋಡಿ ಸಾಕು ಎನ್ನುವ ಅಧಿಕಾರಿ ಸಿಕ್ಕಿದ್ದರೆ?

ನನ್ನ ಗಂಡ ಬ್ಯಾಂಕಿನವರು, ಎರ್ನಾಕುಲಂ ಶಾಖೆಗೆ ವರ್ಗವಾಗಿ ಬಂದವರು. ಸಂಜೆ ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡು, "ಒಂದು ಲಾಕರ್ ತೆರೀಬೇಕಾದ್ರೆ ನಮ್ಮಲ್ಲಿ ಎರಡು ಕೀಲಿ ಬೇಕು. ನೀನು ನೀನೇ ಬರ್ದು, ನೀನೇ ನೋಡಿ, ನೀನೇ ಸಹಿ ಹಾಕುದಾ?" ಎಂದರು. ಸಿಟ್ಟು ಬಂತು, ಯಾಕೆಂದರೆ ಸರಿಯಾದ ಮಾತು. ಸರಿಯಾದ ಮಾತು ಮನೆಯವರ ಬಾಯಲ್ಲಿ ಬಂದರೆ ನನಗೆ ಇನ್ನೂ ಉರಿಯುತ್ತದೆ.

ಶುಕ್ರವಾರ ಎಲ್ಲ ಸ್ಟ್ಯಾಟಿಕ್‌ಗಳನ್ನೂ ಕಿತ್ತು ಹಾಕಿ, ಮೊದಲೇ ಮಾಡಬೇಕಾಗಿದ್ದ ದಾರಿ ಹಿಡಿದೆ. ಡಬ್ಬಿ ಯಾವುದಾದರೂ ಒಂದೇ ಫೈಲಿನಲ್ಲಿ ಇರಬೇಕು. ಹೆಡರಿನಲ್ಲಿ ಎಕ್ಸ್‌ಟರ್ನ್ ಎಂದು ಮಾತ್ರ ಬರೆಯಬೇಕು: ಈ ಹೆಸರಿನ ಡಬ್ಬಿ ಇದೆ, ಬೇರೆ ಕಡೆ ಇದೆ, ಅಲ್ಲಿಂದ ತೆಗೆದುಕೊಳ್ಳಿ ಎಂದು. ಬರೆಯುವುದು ಸುಲಭ. ಯಾವ ಡಬ್ಬಿ ಯಾರ ಮನೆಯದ್ದು ಎಂದು ನಿರ್ಧರಿಸುವುದೇ ಕೆಲಸ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಬರೆಯುವ ಫೈಲು, ಓದುವ ಫೈಲುಗಳು ಎಂದು ಪಟ್ಟಿ ಮಾಡಿದೆ. ಯಾರು ಮೊದಲು ಬೆಲೆ ತುಂಬುತ್ತಾರೋ ಅವರೇ ಒಡೆಯರು. ಅವಸರ ಮಾಡಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ನಲವತ್ತೆರಡು ಮುಗಿದವು.

ನಲವತ್ತಮೂರನೆಯದರ ಹೆಸರು ಡಿಲೇ. ಅದು ಹೆಡರಿನಲ್ಲಿ ಇರಲೇ ಇಲ್ಲ. ಹಿಂದೆ ಹುಡುಕಿ ಬದಲಾಯಿಸುವ ಭರದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಎರಡು ಫೈಲುಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಅದೇ ಹೆಸರು. ಸೈರನ್ ಫೈಲಿನಲ್ಲಿ ಅದರ ಅರ್ಥ, ಗ್ಯಾಸ್ ಮಿತಿ ದಾಟಿದ ಮೇಲೆ ಎಷ್ಟು ಸೆಕೆಂಡ್ ಕಾದು ಸೈರನ್ ಹೊಡೆಸಬೇಕು ಎಂದು. ಬೆಲೆ ಮೂವತ್ತು. ಸೆನ್ಸರ್ ಫೈಲಿನಲ್ಲಿ, ಸೆನ್ಸರಿನ ಸಂಪರ್ಕ ತಪ್ಪಿದರೆ ಎಷ್ಟು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸಬೇಕು ಎಂದು. ಬೆಲೆ ಐದು. ಹಳೆಯ ಲಿಂಕರ್ ಇವೆರಡನ್ನೂ ತನ್ನ ರೂಢಿಯಂತೆ ಒಂದೇ ಡಬ್ಬಿ ಮಾಡಿತ್ತು. ಶುರುವಿನಲ್ಲಿ ಸೈರನ್ ಫೈಲು ಮೂವತ್ತು ಹಾಕುತ್ತದೆ. ಅದರ ಹಿಂದೆಯೇ ಸೆನ್ಸರ್ ಫೈಲು ಬಂದು ಅದೇ ಡಬ್ಬಿಗೆ ಐದು ಹಾಕುತ್ತದೆ.

ಹಾಗಾದರೆ ಇಷ್ಟು ವರ್ಷ ಏಲೂರಿನಲ್ಲಿ ಸೈರನ್ ಕೂಗಿದ್ದು ಐದು ಸೆಕೆಂಡಿಗೆ. ನಂಬಲಾಗಲಿಲ್ಲ. ಅಲ್ಲಿಂದ ತಂದ ಹಳೆಯ ಕಂಪ್ಯೂಟರ್ ಆಫೀಸಿನ ಮೂಲೆಯಲ್ಲೇ ಇತ್ತು. ಅದನ್ನು ಹಚ್ಚಿ, ಕೃತಕ ಅಂಕಿ ಕೊಟ್ಟು, ಮೊಬೈಲಿನಲ್ಲಿ ಸಮಯ ಹಿಡಿದೆ. ಐದು. ಮತ್ತೆ ಹಿಡಿದೆ. ಮೂರು ಸಲವೂ ಐದು. ನಾವು ಗಿರಾಕಿಗೆ ಕೊಟ್ಟ ದಾಖಲೆ ತೆಗೆದು ನೋಡಿದೆ. ಮೂವತ್ತು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು, ಕೆಳಗೆ ಆ ಎಂಜಿನಿಯರ ಸಹಿ.

ಈಗ ನಾನು ಎರಡಕ್ಕೂ ಬೇರೆ ಹೆಸರಿಟ್ಟು ಎರಡು ಡಬ್ಬಿ ಮಾಡಿದರೆ ಕೋಡ್ ಸರಿಯಾಗುತ್ತದೆ, ದಾಖಲೆಗೂ ಹೊಂದುತ್ತದೆ. ಯಾವ ಪುಸ್ತಕ ತೆರೆದರೂ ಅದೇ ಸರಿ. ಆದರೆ ಸೋಮವಾರದಿಂದ ಟ್ಯಾಂಕಿನ ಬಳಿ ನಿಂತವರಿಗೆ ಸೈರನ್ ಇಪ್ಪತ್ತೈದು ಸೆಕೆಂಡ್ ತಡವಾಗಿ ಕೇಳಿಸುತ್ತದೆ. ಅಮೋನಿಯಾದ ಮುಂದೆ ಇಪ್ಪತ್ತೈದು ಸೆಕೆಂಡ್ ಎಷ್ಟು ಉದ್ದ ಎಂದು ಕಾಕ್ಕನಾಡಿನ ಏಸಿ ಕೋಣೆಯಲ್ಲಿ ಕೂತವಳಿಗೆ ಏನು ಗೊತ್ತು?

ಮ್ಯಾನೇಜರಿಗೆ ಹೇಳಿದೆ. "ದಾಖಲೇಲಿ ಏನಿದೆಯೋ ಅದನ್ನೇ ಮಾಡಿ. ಮೂವತ್ತು. ನಾಳೆ ಯಾರಾದ್ರೂ ಕೇಳಿದ್ರೆ ಕಾಗದ ನಮ್ಮ ಕೈಲಿರುತ್ತೆ," ಎಂದರು.

"ಐದಕ್ಕೆ ಅಭ್ಯಾಸ ಆದವ್ರು ಅಲ್ಲಿದ್ದಾರೆ, ಸಾರ್."

"ಹಾಗಾದ್ರೆ ಐದೇ ಮಾಡಿ, 'ಹಳೆಯ ನಡವಳಿಕೆಯನ್ನು ಉಳಿಸಿಕೊಳ್ಳಲಾಗಿದೆ' ಅಂತ ಬರೀರಿ. ಹೆಸರು ಗಿಸರು ಬೇಡ. ಪಾಪ, ರಿಟೈರ್ ಆದವರು."

ಎರಡೂ ದಾರಿಯಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ನನಗೆ ಹಿಂದಿನ ಸಂಜೆಯ ಮಾತು ಇನ್ನೂ ಉರಿಯುತ್ತಿತ್ತು. ಒಬ್ಬಳೇ ನಿರ್ಧಾರ ಮಾಡಿ ಒಮ್ಮೆ ಸುಟ್ಟುಕೊಂಡಾಗಿತ್ತು. ಬರೆದವರು ಬದುಕಿದ್ದಾರೆ, ಕೇಳಿಯೇ ಬಿಡುತ್ತೇನೆ ಎಂದು ಅವರ ನಂಬರು ಹುಡುಕಿ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ಫೋನಿನ್ಯಾಗ ಬ್ಯಾಡ. ಕೋಡ್ ಪ್ರಿಂಟ್ ತೊಗೊಂಡು ಬಾ," ಎಂದಷ್ಟೇ ಹೇಳಿ ವಿಳಾಸ ಕೊಟ್ಟರು.

ಶನಿವಾರ ಬೆಳಗಿನ ರೈಲು ಹಿಡಿದು ಕಳಕ್ಕೂಟ್ಟಂನಲ್ಲಿ ಇಳಿದು, ಬಸ್ಸಿನಲ್ಲಿ ಕೇರಳದ ರಾಜಧಾನಿಯ ಅಂಚಿನಲ್ಲಿರುವ ಶ್ರೀಕಾರ್ಯಂ ಎಂಬ ಊರಿಗೆ ಹೋದೆ. ಅವರ ಹೆಂಡತಿ ಅಲ್ಲಿನ ಗೆಡ್ಡೆಗೆಣಸಿನ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದವರು. ಅವರ ಕೆಲಸಕ್ಕಾಗಿ ಮನೆ ಅಲ್ಲೇ ಮಾಡಿದ್ದರು, ಎಂಜಿನಿಯರರು ನೌಕರಿಯಲ್ಲಿದ್ದಾಗ ವಾರಕ್ಕೊಮ್ಮೆ ಕೊಚ್ಚಿಯಿಂದ ಬಂದು ಹೋಗುತ್ತಿದ್ದರಂತೆ. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ, ಮೊಣಕಾಲಿಗೆ ಪಟ್ಟಿ.

"ಬಾರವಾ. ಮಂಗಳೂರ ಕಡೆಯಾಕಿ ಏನು ನೀ?"

"ಪುತ್ತೂರು, ಸರ್. ನಂಗೆ ಒಂದೇ ಒಂದು ಕೇಳ್ಲಿಕ್ಕೆ ಉಂಟು."

"ಕೇಳೂದು ಇದ್ದ ಅದ. ಮೊದ್ಲ ತಿನ್ನು."

ಅವರ ಹೆಂಡತಿ ಬೇಯಿಸಿದ ಕಪ್ಪ, ಎಂದರೆ ಮರಗೆಣಸು, ಮತ್ತು ಹಸಿಮೆಣಸಿನ ಚಟ್ನಿ ತಂದಿಟ್ಟರು. "ಮೂವತ್ತೈದು ವರ್ಷ ಇದರ ಮ್ಯಾಲೇ ಕೆಲಸ ಮಾಡೇನಿ. ಇವರು ಒಂದ್ ದಿನಾನೂ ಛಂದ ಅದ ಅಂದಿಲ್ಲ," ಎಂದು ನನ್ನ ಎದುರು ಕೂತರು.

ಎಂಜಿನಿಯರರು ಪ್ರಿಂಟುಗಳನ್ನು ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿದರು. ಎರಡು ಡಿಲೇಗಳ ಸುತ್ತ ನಾನು ಗುರುತು ಹಾಕಿರಲಿಲ್ಲ, ತಾವೇ ಹುಡುಕಿಕೊಂಡರು. ಒಂದರ ಮೇಲೆ ಬೆರಳಿಟ್ಟು ಇನ್ನೊಂದು ಪುಟ ತಿರುವಿದರು.

"ಇದಾ ಏನು," ಎಂದರು ಕೊನೆಗೆ. "ಇದನ್ನ ನಾ ಎರಡ್ ದಿನ ಹುಡಕೇನಿ. ಸಿಗಲಿಲ್ಲ."

"ಅಂದ್ರೆ ನಿಮಗೆ ಗೊತ್ತಿತ್ತಾ ಸರ್?"

"ಐದಕ್ಕ ಹೊಡೀತದ ಅಂತ ಗೊತ್ತಿತ್ತು. ಯಾಕ ಅಂತ ಗೊತ್ತಿರಲಿಲ್ಲ."

ಆಮೇಲೆ ಹೇಳಿದರು. ಪ್ಲಗಿನ್ ಹಾಕಿದ ಹೊಸದರಲ್ಲಿ ಒಂದು ಹಳೆಯ ವಾಲ್ವ್ ಸ್ವಲ್ಪ ಸ್ವಲ್ಪ ಸೋರುತ್ತಿತ್ತು, ದಿನಕ್ಕೆ ನಾಲ್ಕು ಸಲ ಸೈರನ್ ಕೂಗಿ ಕೆಲಸ ನಿಲ್ಲುತ್ತಿತ್ತು. ಮೂವತ್ತು ಸೆಕೆಂಡ್ ಕಾಯುವ ಹಾಗೆ ಮಾಡಿ ಎಂದು ಘಟಕದವರು ಕೇಳಿದರು. ಇವರು ಮಾಡಿ ಕೊಟ್ಟರು. ಅದೇ ವಾರ ಘಟಕದವರು ವಾಲ್ವನ್ನೂ ಬದಲಾಯಿಸಿದರು, ಸುಳ್ಳು ಸೈರನ್ ನಿಂತಿತು, ಎಲ್ಲರಿಗೂ ಖುಷಿ. ತಿಂಗಳ ನಂತರ ಇವರು ಹೋಗಿ ಗ್ಯಾಸ್ ಹಿಡಿದು ನೋಡಿದರೆ ಐದಕ್ಕೇ ಕೂಗುತ್ತದೆ. ಕೋಡ್ ಸರಿಯಿದೆ, ಬೆಲೆ ಮೂವತ್ತೇ ಇದೆ. ಎರಡು ದಿನ ಹುಡುಕಿದರು.

"ಹೊತ್ತಿಗಿಂತ ಮೊದ್ಲ ಹೊಡದರ ಅದು ತಪ್ಪಲ್ಲ ಅಂತ ನನಗ ನಾನ ಹೇಳಿಕೊಂಡೆ. ಯಾರೂ ದೂರು ಹೇಳಲಿಲ್ಲ. ಕಾಗದದ ಮ್ಯಾಲ ಮೂವತ್ತು ಅಂತ ಸಹಿ ಮಾಡಿ ಕೊಟ್ಟೆ."

ಅವರ ಹೆಂಡತಿ ತಟ್ಟೆ ಕೆಳಗಿಟ್ಟರು. "ಆವಾಗ ಎರಡ್ ದಿನ ಊಟ ಬಿಟ್ಟು ಕೂತಿದ್ರಿ. ಮೂರನೇ ದಿನ ಬಂದು ಎಲ್ಲಾ ಸರಿ ಆತು ಅಂದ್ರಿ. ನಾ ಪಾಯಸಾ ಮಾಡಿದ್ದೆ."

ಅವರು ಹೆಂಡತಿಯ ಮುಖ ನೋಡಲಿಲ್ಲ. "ಸರಿ ಆಗಿರಲಿಲ್ಲ," ಎಂದರು.

ನನಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಹಳೆಯದನ್ನು ಕೆದಕಲು ಬಂದವಳು ನಾನೇ. ನನ್ನ ಸ್ಟ್ಯಾಟಿಕ್ ಕತೆಯನ್ನು ಹೇಳಿದೆ, ಹಿಂದಕ್ಕೆ ಬಂದ ಪತ್ರದ ವಿಷಯವನ್ನೂ. ಅವರು ಮೊದಲ ಸಲ ಸ್ವಲ್ಪ ನಕ್ಕರು.

"ಹೆಡರಿನ್ಯಾಗ ಸ್ಟ್ಯಾಟಿಕ್ ಹಾಕಿದ್ಯಾ? ಭಲೇ ಹುಡುಗಿ. ನನಗಿಂತಾ ಒಂದ್ ಕೈ ಮ್ಯಾಲೆ ಇದ್ದಿ."

"ಈಗ ಹೇಳಿ ಸರ್. ಐದಾ, ಮೂವತ್ತಾ?"

"ಅದನ್ನ ನಾ ಹೇಳೂದಲ್ಲ. ನೀನೂ ಅಲ್ಲ. ಆ ಟ್ಯಾಂಕಿನ ಬಾಜೂ ನಿಂತವರು ಹೇಳಬೇಕು. ನಾಳೆ ನಾನೂ ಬರ್ತೀನಿ."

ಮೊಣಕಾಲಿನ ಮಾತು ಹೆಂಡತಿ ಎತ್ತಿದರು. ಅವರು ಕೇಳಲಿಲ್ಲ. ಮ್ಯಾನೇಜರು ಹೇಳಿದ ಹಾಗೆ ಹೆಸರಿಲ್ಲದೆ ಬರೆಯಬಹುದು ಎಂದು ನಾನೂ ಹೇಳಿ ನೋಡಿದೆ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೂದಿಲ್ಲ ಅಂತಾರ. ಹೋಗೇದ ಅಂದಮ್ಯಾಲ ಮುಚ್ಚಿಟ್ಟು ಏನ್ ಮಾಡ್ಲಿ? ಬರಿ," ಎಂದರು.

ವಾಪಸು ಬರುವ ರೈಲಿನಲ್ಲಿ ಹೊಸ ಪತ್ರ ಬರೆದೆ. ನಲವತ್ತೆರಡು ವೇರಿಯಬಲ್‌ಗಳನ್ನು ಹೇಗೆ ಒಂದೊಂದು ಫೈಲಿಗೆ ಕೊಟ್ಟೆ ಎಂದು ಬರೆದೆ. ಮೊದಲ ಸಲ ನಾನು ಮಾಡಿದ ತಪ್ಪು ಏನು, ಯಾಕೆ ಪರೀಕ್ಷೆಯಲ್ಲಿ ಸಿಗಲಿಲ್ಲ ಎಂದು ಬರೆದೆ. ನಲವತ್ತಮೂರನೆಯದರಿಂದ ದಾಖಲೆಗೂ ವಾಸ್ತವಕ್ಕೂ ವರ್ಷಗಟ್ಟಲೆ ಇದ್ದ ಅಂತರವನ್ನು ಬರೆದು, ಸೈರನ್ ಎಷ್ಟು ಸೆಕೆಂಡಿಗೆ ಹೊಡೆಯಬೇಕು ಎಂಬ ಜಾಗವನ್ನು ಖಾಲಿ ಬಿಟ್ಟೆ. ಮ್ಯಾನೇಜರಿಗೆ ಕಳುಹಿಸಿದೆ. ಕೊಲ್ಲಂ ದಾಟುವವರೆಗೂ ಉತ್ತರ ಬರಲಿಲ್ಲ. ಕಾಯಂಕುಳಂ ಹತ್ತಿರ 'ಕೊಡಿ' ಎಂಬ ಒಂದೇ ಪದ ಬಂತು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ಭಾನುವಾರ ಅವರನ್ನು ಆಲುವಾ ಸ್ಟೇಷನ್ನಿನಿಂದ ಆಟೋದಲ್ಲಿ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟಿನ ಒಳಗೆ ಮೊಣಕಾಲ ಪಟ್ಟಿ. ಗೇಟಿನಲ್ಲಿ ಕೊಟ್ಟ ಹಳದಿ ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಹಾಕಿಕೊಂಡರು. ಸುರಕ್ಷತಾ ಅಧಿಕಾರಿ ಪತ್ರವನ್ನು ನಮ್ಮೆದುರೇ ಪೂರ್ತಿ ಓದಿದರು. ಖಾಲಿ ಜಾಗದ ಹತ್ತಿರ ನಿಂತರು.

"ಇಲ್ಲಿ ಏನೂ ಇಲ್ಲವಲ್ಲ?"

"ಅದನ್ನು ಕೇಳಿ ತುಂಬಬೇಕು ಅಂತ ಬಿಟ್ಟಿದ್ದೇನೆ, ಮ್ಯಾಡಂ."

ಅವರು ಚೇಟ್ಟನ್ ಅವರನ್ನು ಕರೆಸಿದರು. ಗ್ಯಾಸ್ ಮಿತಿ ದಾಟಿದ ಮೇಲೆ ಸೈರನ್ ಐದು ಸೆಕೆಂಡಿಗೆ ಬೇಕೋ, ಕಾಗದದಲ್ಲಿರುವಂತೆ ಮೂವತ್ತಕ್ಕೆ ಬೇಕೋ ಎಂದು ಕೇಳಿದರು.

"ಮುಪ್ಪದೋ?" ಎಂದರು ಚೇಟ್ಟನ್. ಮೂವತ್ತಾ? ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೆ ಕೇಳಿದಾಗ, ಬಾಯಲ್ಲಿ ಹೇಳುವ ಬದಲು ನಮ್ಮನ್ನು ಟ್ಯಾಂಕಿನ ಬಳಿ ಕರೆದುಕೊಂಡು ಹೋದರು. ದೊಡ್ಡ ವಾಲ್ವಿನ ಮುಂದೆ ನಿಂತು, ಕೈಯಲ್ಲಿದ್ದದ್ದನ್ನು ಬಿಟ್ಟಂತೆ ಮಾಡಿದರು. ಸೊಂಟದ ಮಾಸ್ಕ್ ಎಳೆದು ಮುಖಕ್ಕೆ ಹಾಕಿದರು. ಕಣ್ಣು ಮುಚ್ಚಿದರು. ಎಡಗೈಯನ್ನು ಗೋಡೆಗೆ ಹಚ್ಚಿಕೊಂಡು, ಓಡದೆ, ಒಂದೇ ಅಳತೆಯ ಹೆಜ್ಜೆಯಲ್ಲಿ ನಡೆದು ಮೂಲೆ ತಿರುಗಿ ಗೇಟಿಗೆ ಬಂದು ನಿಂತರು. ನಾವು ಹಿಂದೆಯೇ ಬಂದೆವು. ನಾನು ಮನಸ್ಸಿನಲ್ಲೇ ಎಣಿಸಿದ್ದೆ, ಹದಿನೆಂಟು ಸೆಕೆಂಡ್.

ಮಾಸ್ಕ್ ತೆಗೆದು ಹೇಳಿದರು: "ಕಣ್ಣು ಬಿಡಲಿಕ್ಕಾಗೋದಿಲ್ಲ, ಅದಕ್ಕೇ ಗೋಡೆ. ಎರಡು ಸಲ ನಿಜವಾಗಿ ಹೀಗೆ ಬಂದಿದ್ದೇನೆ. ಸೈರನ್ ಮೂವತ್ತಕ್ಕೆ ಶುರುವಾಗೋದಾಗಿದ್ರೆ, ಸಾರೇ, ಇವತ್ತು ನಿಮಗೆ ಇದನ್ನ ಹೇಳಲಿಕ್ಕೆ ನಾನಿರ್ತಿರಲಿಲ್ಲ."

ನಮ್ಮ ಎಂಜಿನಿಯರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಎರಡು ಸಲ?" ಎಂದು ಮಲಯಾಳಂನಲ್ಲಿ ಕೇಳಿದರು.

"ಎರಡು ಸಲ."

ಅಧಿಕಾರಿ ಪತ್ರದ ಖಾಲಿ ಜಾಗದಲ್ಲಿ ತಮ್ಮ ಪೆನ್ನಿನಿಂದಲೇ ಐದು ಎಂದು ಬರೆದರು. ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಎರಡು ಡಿಲೇಗಳಿಗೂ ಬೇರೆ ಬೇರೆ ಹೆಸರು ಕೊಟ್ಟು, ಸೈರನ್ನಿನದ್ದಕ್ಕೆ ಐದು ಹಾಕಿ, ಪ್ಲಗಿನ್ ಕಟ್ಟಿದೆ. ಲಿಂಕರ್ ಒಂದು ಮಾತೂ ಆಡಲಿಲ್ಲ. ಹಳದಿ ಎಚ್ಚರಿಕೆ ಒಂದೂ ಇಲ್ಲ ಎಂದು ಎರಡು ಸಲ ನೋಡಿಕೊಂಡೆ. ಧಾರವಾಡದವರು ನನ್ನ ಪಕ್ಕ ಕೂತು, ಪೆನ್ಸಿಲಿನಲ್ಲಿ ಒಂದೊಂದೇ ಹೆಸರಿಗೆ ಗುರುತು ಹಾಕುತ್ತಾ ನಲವತ್ತಮೂರೂ ಆದವು ಎಂದ ಮೇಲೆ ಎದ್ದೆವು.

ಚೇಟ್ಟನ್ ಸೆನ್ಸರಿಗೆ ಬಟ್ಟಲು ಹಿಡಿದರು. ಅಂಕಿ ಇಪ್ಪತ್ತೈದು ದಾಟಿತು ಎಂದು ನಾನು ಕೈ ಎತ್ತಿದೆ. ಧಾರವಾಡದ ಮುದುಕರು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು, ನಾಕು. ಐದು ಬಾಯಲ್ಲಿರುವಾಗಲೇ ಸೈರನ್ ಕೂಗಿತು. ಪರೀಕ್ಷೆ ಎಂದು ಗೊತ್ತಿದ್ದೂ ಚೇ‌ಟ್ಟನ್ ಅವರ ಎಡಗೈ ಗೋಡೆಯ ಕಡೆಗೆ ಹೋಯಿತು.

ಸೈರನ್ ನಿಂತ ಮೇಲೆ ಎಂಜಿನಿಯರರು ಚೇಟ್ಟನ್ ಹತ್ತಿರ ಹೋಗಿ, ಮೂವತ್ತು ಎಂದು ಸಹಿ ಮಾಡಿ ಕೊಟ್ಟದ್ದು ತಾನು ಎಂದು ಅವರಿಗೆ ಮಲಯಾಳಂನಲ್ಲಿ ಹೇಳಿದರು. ಚೇಟ್ಟನ್‌ಗೆ ಅದರಲ್ಲಿ ಕ್ಷಮಿಸುವಂಥದ್ದು ಏನೂ ಕಾಣಲಿಲ್ಲ. "ಹೊಡೆದದ್ದು ಐದಕ್ಕೇ ಅಲ್ವಾ ಸಾರೇ," ಎಂದು ನಕ್ಕು ಅವರ ಕೈ ಹಿಡಿದುಕೊಂಡರು.

ಎಂಜಿನಿಯರರು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹೊಡೀತು, ಖರೆ. ಆದ್ರ ನಾ ಹಾಕಿದ್ದು ಮೂವತ್ತು. ಆ ಎರಡ್ ಸಲಾನೂ ನಾ ಹೊಡಸಿದ್ದಲ್ಲ," ಎಂದರು. ಏನು ಹೇಳುತ್ತಿದ್ದಾರೆ ಎಂದು ಚೇಟ್ಟನ್ ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಮಲಯಾಳಂನಲ್ಲಿ ಹೇಳಿದೆ. ಅವರ ನಗು ನಿಂತಿತು, ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.